ಪಿನ್ ಎಳೆದರೂ ಸದ್ದಿಲ್ಲ: ಟ್ರೇಲರ್‌ನ ಬ್ರೇಕ್‌ಅವೇ ಸ್ವಿಚ್ ಕೆಟ್ಟಿದೆಯೇ?

ಪ್ರಶ್ನೆ: ನಾವಿರುವುದು ಅಮೆರಿಕದ ಟೆಕ್ಸಸ್‌ನಲ್ಲಿ. ಎರಡು ಆ್ಯಕ್ಸಲ್‌ನ ಹಳೆಯ ಟ್ರಾವೆಲ್ ಟ್ರೇಲರ್ ಕೊಂಡಿದ್ದೇವೆ. ಪಿಕಪ್‌ನೊಳಗಿನ ಬ್ರೇಕ್ ಕಂಟ್ರೋಲರ್ ಒತ್ತಿದರೆ ಟ್ರೇಲರ್‌ನ ಚಕ್ರಗಳಲ್ಲಿ ಗುಂಯ್ ಎನ್ನುತ್ತದೆ. ಟ್ರೇಲರ್ ಪಿಕಪ್‌ನಿಂದ ಕಳಚಿಕೊಂಡರೆ ಅದರ ಬ್ರೇಕ್ ತಾನೇ ಹಿಡಿಯುವಂತೆ ಮಾಡುವ ಬ್ರೇಕ್‌ಅವೇ ಸ್ವಿಚ್‌ನ ಪಿನ್ ಎಳೆದರೆ ಏನೂ ಕೇಳಿಸುವುದಿಲ್ಲ. ಸ್ವಿಚ್ ಬದಲಿಸಬೇಕೇ? ಆ ಪಿನ್ನನ್ನು ಎಳೆಯುವ ಕೇಬಲನ್ನು ಸೇಫ್ಟಿ ಚೈನ್‌ಗೇ ಸಿಕ್ಕಿಸಿದರೆ ಸಾಕೇ?

ಉತ್ತರ: ಸದ್ದಿಲ್ಲ ಎಂದ ಮಾತ್ರಕ್ಕೆ ಸ್ವಿಚ್ ಕೆಟ್ಟಿದೆ ಎನ್ನಲಾಗದು. ಹೆಚ್ಚಿನ ಕಂಟ್ರೋಲರ್‌ಗಳು ವಿದ್ಯುತ್ತನ್ನು ಬಹಳ ವೇಗವಾಗಿ ಬಿಟ್ಟು ಬಿಟ್ಟು ಕಳಿಸುತ್ತವೆ. ಚಕ್ರದೊಳಗೆ ಬ್ರೇಕ್ ಹಿಡಿಸುವ ವಿದ್ಯುತ್ ಮ್ಯಾಗ್ನೆಟ್ ಗುಂಯ್‌ಗುಡುವುದು ಅದಕ್ಕೇ. ಪಿನ್ ಕಳಚಿದಾಗ ಹರಿಯುವುದು ಟ್ರೇಲರ್ ಬ್ಯಾಟರಿಯ ನೇರ 12 ವೋಲ್ಟ್. ಆಗ ಬಂದರೆ ಒಂದು ‘ಟಕ್’ ಬರಬಹುದು, ಅಷ್ಟೆ. ಕಿವಿಯನ್ನು ನಂಬದೆ ಚಕ್ರವನ್ನೇ ಪರೀಕ್ಷಿಸಿ.

ಮೊದಲು 7 ಪಿನ್‌ನ ಪ್ಲಗ್ಗನ್ನು ಪಿಕಪ್‌ನಿಂದ ಕಿತ್ತಿಡಿ. ಹಾಗೇ ಬಿಟ್ಟರೆ ವಿದ್ಯುತ್ ಹಿಂದಕ್ಕೆ ಹರಿದು ಕಂಟ್ರೋಲರ್ ಹಾಳಾಗಬಹುದು. ಮೇಲಾಗಿ, ಪಿಕಪ್‌ನ ಚಾರ್ಜಿಂಗ್ ವೈರ್ ಟ್ರೇಲರ್ ಬ್ಯಾಟರಿ ಸತ್ತಿದ್ದರೂ ಆ ದೋಷವನ್ನು ಮುಚ್ಚಿಹಾಕುತ್ತದೆ. ಕ್ಯಾಂಪ್‌ಸೈಟಿನ ಕರೆಂಟನ್ನೂ ತೆಗೆಯಿರಿ. ಆ ಕರೆಂಟನ್ನು 12 ವೋಲ್ಟ್‌ಗೆ ಇಳಿಸುವ ಕನ್ವರ್ಟರ್ ಕೂಡ ಇದೇ ಮೋಸ ಮಾಡುತ್ತದೆ. ಸಮತಟ್ಟಾದ ಜಾಗದಲ್ಲಿ, ಇನ್ನೊಂದು ಬದಿಯ ಚಕ್ರಗಳಿಗೆ ಉರುಳದಂತೆ ಅಡ್ಡಗಟ್ಟೆ (ಚಾಕ್) ಇಟ್ಟು, ಕೈಪಿಡಿ ಹೇಳಿದ ಜಾಗದಲ್ಲೇ ಜ್ಯಾಕ್ ಕೊಟ್ಟು ಒಂದು ಚಕ್ರ ಎತ್ತಿ. ಮುಂದಕ್ಕೆ ಉರುಳುವ ದಿಕ್ಕಿನಲ್ಲಿ ತಿರುಗಿಸಿ, ಪಿನ್ ಎಳೆಯಿರಿ. ಚಕ್ರ ಕಚ್ಚಿಕೊಂಡು ನಿಲ್ಲಬೇಕು. ನಾಲ್ಕೂ ಚಕ್ರಕ್ಕೆ ಹೀಗೇ ಮಾಡಿ. ಪ್ರತಿ ಸಲ ಅರ್ಧ ನಿಮಿಷದೊಳಗೆ ಪಿನ್ ಪೂರ್ತಿ ಒಳಗೆ ಹೋಗಲಿ, ಇಲ್ಲದಿದ್ದರೆ ಮ್ಯಾಗ್ನೆಟ್ ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ.

ವೈರನ್ನು ಸುತ್ತಿ ಹಿಡಿದು ಡಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಇನ್ನೂ ಚೆನ್ನ. ಬ್ಯಾಟರಿಯಿಂದ ಸ್ವಿಚ್‌ಗೆ ಬರುವ ವೈರಿಗೆ ಅದನ್ನು ಹಾಕಿ, ಪಿನ್ ಎಳೆಯಿರಿ. 10 ಅಥವಾ 12 ಇಂಚಿನ ಬ್ರೇಕ್‌ನಲ್ಲಿ ಒಂದೊಂದು ಮ್ಯಾಗ್ನೆಟ್ ಸುಮಾರು 3 ಆ್ಯಂಪ್ ಎಳೆಯುತ್ತದೆ, ನಾಲ್ಕಕ್ಕೆ 12. ಮೀಟರ್ 9 ತೋರಿಸಿದರೆ ಒಂದು ಮ್ಯಾಗ್ನೆಟ್ ಅಥವಾ ಅದರ ವೈರ್ ಹೋಗಿದೆ, 6 ತೋರಿಸಿದರೆ ಎರಡು. 12ಕ್ಕಿಂತ ತೀರಾ ಹೆಚ್ಚಿದ್ದರೆ ಆ್ಯಕ್ಸಲ್ ಕೊಳವೆಯೊಳಗೆ ವೈರ್ ಉಜ್ಜಿ ಶಾರ್ಟ್ ಆಗಿರುವ ಸಾಧ್ಯತೆ ಇದೆ. ನಾಲ್ಕೂ ಚಕ್ರ ಹಿಡಿದರೂ ಹಿಡಿತ ಸಡಿಲವಾಗಿದ್ದರೆ ಗ್ರೌಂಡ್ ವೈರ್ ನೋಡಿ.

ಮೀಟರ್ ಸೊನ್ನೆ ತೋರಿಸಿದರೂ ಸ್ವಿಚ್ ಕೊಳ್ಳಲು ಓಡಬೇಡಿ. ಬ್ಯಾಟರಿಯನ್ನು ಟ್ರೇಲರ್‌ನ ವೈರಿಂಗ್‌ನಿಂದ ಬೇರ್ಪಡಿಸುವ ಡಿಸ್‌ಕನೆಕ್ಟ್ ಸ್ವಿಚ್ ಆಫ್ ಆಗಿದೆಯೇ ನೋಡಿ. ಬ್ರೇಕ್‌ಅವೇ ವೈರ್ ಅದನ್ನು ದಾಟದೆ ನೇರ ಬ್ಯಾಟರಿಗೆ ಹೋಗಬೇಕು. ಕೆಲವು ಟ್ರೇಲರ್‌ಗಳಲ್ಲಿ ಅದರ ಆಚೆಗೆ ಜೋಡಿಸಿರುತ್ತಾರೆ; ಡಿಸ್‌ಕನೆಕ್ಟ್ ಆಫ್ ಮಾಡಿ ಹೊರಟರೆ ತುರ್ತು ಬ್ರೇಕ್ ಇಲ್ಲವೇ ಇಲ್ಲ. ನಮ್ಮ ದೃಷ್ಟಿಯಲ್ಲಿ ಕೆಟ್ಟ ಸ್ವಿಚ್‌ಗಿಂತ ಇದು ಹೆಚ್ಚು ಅಪಾಯ, ಏಕೆಂದರೆ ಹೊರಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆಮೇಲೆ ಫ್ಯೂಸ್. ಆಮೇಲೆ ಬ್ಯಾಟರಿ: ಎಲ್‌ಇಡಿ ದೀಪ ಉರಿಯುತ್ತದೆ ಎಂಬುದು ಅದು ಸರಿಯಿದೆ ಎನ್ನಲು ಸಾಕ್ಷಿಯಲ್ಲ. ಅಮೆರಿಕದ ವಾಣಿಜ್ಯ ವಾಹನಗಳ ಫೆಡರಲ್ ನಿಯಮದಂತೆ ಕಳಚಿದ ಟ್ರೇಲರ್‌ನ ಬ್ರೇಕ್ ಕನಿಷ್ಠ 15 ನಿಮಿಷ ಹಿಡಿದಿರಬೇಕು. 12 ಆ್ಯಂಪ್ ಲೆಕ್ಕದಲ್ಲಿ ಅದು ಬರೀ 3 ಆ್ಯಂಪ್-ಅವರ್. ಆದರೆ ಹಳೆಯ ಬ್ಯಾಟರಿ ಆ ಭಾರ ಬಿದ್ದ ಕ್ಷಣದಲ್ಲೇ ಕುಸಿಯಬಹುದು.

ಇವೆಲ್ಲ ಸರಿಯಿದ್ದೂ ಪಿನ್ ಎಳೆದಾಗ ಸ್ವಿಚ್‌ನಿಂದ ಬ್ರೇಕ್‌ಗೆ ಹೋಗುವ ನೀಲಿ ವೈರಿಗೆ ವೋಲ್ಟೇಜ್ ಬರದಿದ್ದರೆ ಮಾತ್ರ ಸ್ವಿಚ್ ಬದಲಿಸಿ. ಒಳಗೆ ನೀರು ಸೇರಿ ಕಾಂಟ್ಯಾಕ್ಟ್‌ಗಳಿಗೆ ಕಿಲುಬು ಹಿಡಿದಿರುತ್ತದೆ. ಬಿಚ್ಚಿ ಉಜ್ಜುವುದು ವ್ಯರ್ಥ. ಹೊಸದರ ವೈರ್‌ಗಳಿಗೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್‌ಶ್ರಿಂಕ್ ಕನೆಕ್ಟರ್ ಹಾಕಿ. ತಿಂಗಳಿಗೊಮ್ಮೆ ಪಿನ್ ತೆಗೆದು, ಒರೆಸಿ, ವಿದ್ಯುತ್ ಹರಿಯಗೊಡದ ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ ಸವರಿದರೆ ಅದು ಕಚ್ಚಿಕೊಳ್ಳುವುದಿಲ್ಲ.

ಕೇಬಲನ್ನು ಸೇಫ್ಟಿ ಚೈನ್‌ಗೂ, ಕಳಚಿ ತೆಗೆಯಬಹುದಾದ ಹಿಚ್‌ಗೂ (ಟ್ರೇಲರ್ ಸಿಕ್ಕಿಸುವ ಕೊಂಡಿ) ಸಿಕ್ಕಿಸಬೇಡಿ. ಅವೇ ಕಿತ್ತುಬಂದರೆ ಕೇಬಲ್ ಟ್ರೇಲರ್ ಜೊತೆಯೇ ಹೋಗುತ್ತದೆ, ಪಿನ್ ಕಳಚುವುದೇ ಇಲ್ಲ. ಪಿಕಪ್‌ಗೆ ಗಟ್ಟಿಯಾಗಿ ಕೂಡಿಸಿದ ಭಾಗಕ್ಕೆ ಪ್ರತ್ಯೇಕವಾಗಿ ಕಟ್ಟಿ. ಬಿಗಿ ತಿರುವಿನಲ್ಲಿ ಎಳೆಯಬಾರದು, ನೆಲಕ್ಕೂ ತಾಗಬಾರದು. ಪಿನ್ ಕಳೆದುಹೋದರೆ ಅದೇ ಮಾದರಿಯದನ್ನೇ ತನ್ನಿ. ಮೊಳೆ ಸಿಕ್ಕಿಸಿದರೆ ಲೋಹದಲ್ಲಿ ಕರೆಂಟ್ ಹರಿದು ಬ್ರೇಕ್ ಬಿಡುವುದೇ ಇಲ್ಲ.