ನಿಮ್ಮ ಪ್ರಶ್ನೆ: ಬಿಸಿಲಲ್ಲಿಟ್ಟ ತೊಗರಿ ಯಾಕೆ ಮೊಳೆಯಲಿಲ್ಲ?

ಪ್ರ: ನಾಲ್ಕನೇ ಇಯತ್ತೆಯ ಮಕ್ಕಳು ನೆನೆಸಿದ ತೊಗರಿಯ ಒಂದು ತಾಟನ್ನು ಅಂಗಳದ ಬಿಸಿಲಲ್ಲಿ, ಇನ್ನೊಂದನ್ನು ಅಲಮಾರಿಯೊಳಗೆ ಇಟ್ಟಿದ್ದರು. ಅಲಮಾರಿಯದು ಮೊಳೆಯಿತು, ಬಿಸಿಲಿನದು ಮೊಳೆಯಲಿಲ್ಲ. ‘ಬೆಳಕು ಬಿದ್ದರೆ ಮೊಳಕೆ ಬರುವುದಿಲ್ಲ’ ಎಂದು ಎಲ್ಲರೂ ಬರೆದಿದ್ದಾರೆ. ಗೀಟು ಹಾಕಿ ತಿದ್ದಲೇ?
– ಶಿಕ್ಷಕಿ, ಆಳಂದ

ಉ: ಅರ್ಧಕ್ಕೆ ಮಾತ್ರ ಗೀಟು ಹಾಕಿ. ಬಿಸಿಲಿನ ತಾಟಿನಲ್ಲಿ ಒಂದೂ ಮೊಳೆಯಲಿಲ್ಲ ಎಂಬುದು ಮಕ್ಕಳು ಕಣ್ಣಾರೆ ಕಂಡದ್ದು, ಅದನ್ನು ಅಳಿಸುವ ಹಕ್ಕು ನಮಗಿಲ್ಲ. ‘ಬೆಳಕಿನಿಂದ’ ಎಂಬುದು ಊಹೆ. ಕಲಬುರಗಿಯ ಬೇಸಿಗೆಗೆ ಒದ್ದೆ ಬಟ್ಟೆ ತಾಸೊಪ್ಪತ್ತಿನಲ್ಲಿ ಒಣಗುತ್ತದೆ. ಆ ಎರಡು ತಾಟುಗಳ ನಡುವೆ ಬೆಳಕಷ್ಟೇ ಅಲ್ಲ, ಕಾವು ಮತ್ತು ತೇವ ಕೂಡ ಬೇರೆಯಾಗಿದ್ದವು. ಸಂಶಯಕ್ಕೆ ಮೂವರಿದ್ದಾಗ ಒಬ್ಬನನ್ನೇ ಹಿಡಿದು ಕೂರಿಸಿದಂತಾಯಿತು.

ಮತ್ತೆ ಹೀಗೆ ಮಾಡಿಸಿ. ಒಂದೇ ಚೀಲದಿಂದ ಇಡೀ ತೊಗರಿಯ 60 ಕಾಳು ಆರಿಸಿ 8 ತಾಸು ನೆನೆಸಿ. ಒಂದೇ ಅಳತೆಯ, ಪಾರದರ್ಶಕವಾದ ಮೂರು ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಹತ್ತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ತಲಾ 20 ಕಾಳು ಹರಡಿ. ಮೊದಲೆರಡಕ್ಕೆ ಸೂಜಿ ತೆಗೆದ ಸಿರಿಂಜಿನಿಂದ 20 ಮಿ.ಲೀ. ನೀರು ಹಾಕಿ, ಮುಚ್ಚಳ ಸಡಿಲವಾಗಿ ಮುಚ್ಚಿ. ಅವೆರಡರಲ್ಲಿ ಒಂದಕ್ಕೆ ಕಪ್ಪು ಕಾಗದ ಸುತ್ತಿ. ಮೂರನೆಯದಕ್ಕೆ ನೀರೂ ಬೇಡ, ಮುಚ್ಚಳವೂ ಬೇಡ. ಅಂಗಳದ ತಾಟಿನಂತೆ ಕಾಳು ಒಣಗಲಿ. ಮೂರೂ ಒಂದೇ ಮೇಜಿನ ಮೇಲೆ, ನೇರ ಬಿಸಿಲು ತಾಗದ ಕಡೆ ಇರಬೇಕು. ಬಟ್ಟೆ ಒಣಗತೊಡಗಿದರೆ ಮೊದಲೆರಡಕ್ಕೂ 5 ಮಿ.ಲೀ. ಹಾಕಿ, ಒಂದಕ್ಕೆ ಮಾತ್ರ ಹಾಕಬೇಡಿ.

ಮೊಳೆತದ್ದು ಎಂದರೇನು ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ: ಬೇರು 2 ಮಿ.ಮೀ. ಹೊರಗೆ ಬಂದಿರಬೇಕು. ಇಲ್ಲದಿದ್ದರೆ ಒಬ್ಬ ಹುಡುಗ 12 ಎಣಿಸುತ್ತಾನೆ, ಪಕ್ಕದವಳು 15 ಎನ್ನುತ್ತಾಳೆ. ದಿನಾ ಒಂದೇ ಹೊತ್ತಿಗೆ, 5 ದಿನ ಎಣಿಸಿ. ಬೆಳಕಿನದರಲ್ಲಿ 18, ಕತ್ತಲಿನದರಲ್ಲಿ 17 ಬಂದರೆ ಅದನ್ನು ವ್ಯತ್ಯಾಸ ಎನ್ನಬೇಡಿ. ತೊಗರಿ ಮೊಳೆಯಲು ಬೆಳಕು ಬೇಕಿಲ್ಲ, ಇದ್ದರೆ ಅಡ್ಡಿಯೂ ಇಲ್ಲ. ಮುಂದೆ ಕತ್ತಲಿನ ಸಸಿ ಬಿಳಚಿಕೊಂಡು ಉದ್ದಕ್ಕೆ ಬೆಳೆಯುವುದು ಬೇರೆ ಮಾತು, ಅದನ್ನು ಇದರೊಂದಿಗೆ ಕಲೆಸಬೇಡಿ.

ಕಾಳು ನೀರಲ್ಲಿ ಮುಳುಗಿದರೆ ಗಾಳಿ ಸಿಗದೆ ಹುಳಿ ವಾಸನೆ ಬಂದು ಕೊಳೆಯುತ್ತದೆ. ಅಂಗಡಿಯ ಬೇಳೆ ಎಷ್ಟು ದಿನ ಇಟ್ಟರೂ ಮೊಳೆಯದು. ಕಾಳು ಒಡೆಯುವಾಗಲೇ ಅಂಕುರ ಉದುರಿರುತ್ತದೆ. ಬಣ್ಣ ಹಚ್ಚಿದ ಬಿತ್ತನೆ ಬೀಜಕ್ಕೆ ಔಷಧ ಲೇಪಿಸಿರುತ್ತಾರೆ, ಅದು ಮಕ್ಕಳ ಕೈಗೆ ಬೇಡವೇ ಬೇಡ. ಬಿಳಿ ಬೂಷ್ಟನ್ನು ಬೇರೆಂದು ಎಣಿಸುವುದೂ ಉಂಟು. ಭೂತಗನ್ನಡಿ ಹಿಡಿದರೆ ತಿಳಿಯುತ್ತದೆ: ಬೇರುಕೂದಲು ಬೇರಿನ ತುದಿಗಿಂತ ತುಸು ಹಿಂದೆ ಸುತ್ತಲೂ ಸಮನಾಗಿರುತ್ತದೆ, ಬೂಷ್ಟು ಕಾಳಿನಿಂದ ಕಾಳಿಗೆ ಹಬ್ಬುತ್ತದೆ.

ಪ್ರ: ಶಹಾಬಾದ್ ಫರಸಿಯ ಮೇಲೆ ಲಿಂಬಿಹಣ್ಣಿನ ರಸ ಹಾಕಿದಾಗ ಗುಳ್ಳೆ ಬಂದವು. ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲಿಗೂ ಬಂದವು. ಎರಡೂ ಸುಣ್ಣಕಲ್ಲೇ?
– 7ನೇ ತರಗತಿ ವಿದ್ಯಾರ್ಥಿ, ಹುಮನಾಬಾದ್

ಉ: ಇನ್ನೊಂದು ಹನಿ ಬಾಕಿ ಇದೆ, ಬರೀ ನೀರಿನದು. ಜಂಬಿಟ್ಟಿಗೆ ತೂತುತೂತಿನ ಕಲ್ಲು. ಹನಿ ಒಳಗಿಳಿದಂತೆ ಅಲ್ಲಿದ್ದ ಗಾಳಿ ಗುಳ್ಳೆಯಾಗಿ ಮೇಲೇಳುತ್ತದೆ. ನೀರಿಗೂ ಅಷ್ಟೇ ಗುಳ್ಳೆ ಬಂದರೆ ರಸಕ್ಕೂ ಅದಕ್ಕೂ ಸಂಬಂಧವಿಲ್ಲ.

ಗಟ್ಟಿ ಸಾಕ್ಷ್ಯ ಬೇಕೆಂದರೆ ಎರಡೂ ಕಲ್ಲನ್ನು ಪುಡಿ ಮಾಡಿ, ಚಮಚೆಯಷ್ಟನ್ನು ಬೇರೆ ಬೇರೆ ಗ್ಲಾಸಿಗೆ ಹಾಕಿ 10 ಮಿ.ಲೀ. ವಿನೆಗರ್ ಸುರಿ. ಪಕ್ಕದಲ್ಲಿ ಅದೇ ಪುಡಿಗೆ ಬರೀ ನೀರು ಹಾಕಿದ ಗ್ಲಾಸುಗಳೂ ಇರಲಿ. ಗಾಳಿಯ ಗುಳ್ಳೆ ಬೇಗ ನಿಲ್ಲುತ್ತದೆ. ಶಹಾಬಾದ್ ಕಲ್ಲು ಸುಣ್ಣಕಲ್ಲು, ಹಾಗಾಗಿ ಅದರ ಪುಡಿ ವಿನೆಗರಿನಲ್ಲಿ ಹೊತ್ತು ಹೋದರೂ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ಮನೆಯ ನೆಲದ ಮೇಲೆ ಮಾತ್ರ ಮಾಡಬೇಡ. ಹುಳಿ ತಿಂದ ಜಾಗದಲ್ಲಿ ಮಂಕು ಕಲೆ ಉಳಿಯುತ್ತದೆ, ಅವ್ವನ ಬೈಗುಳವೂ ಉಳಿಯುತ್ತದೆ. ಒಡೆದ ಚೂರು ಸಾಕು. ಕೋಟೆಯ ಕಲ್ಲಿಗಂತೂ ಕೈ ಹಚ್ಚಬೇಡ. ಬಚ್ಚಲು ತೊಳೆಯುವ ಆ್ಯಸಿಡ್ ಬಳಸಬೇಡ.

ಪ್ರ: ಉತ್ತರ ಬಂದ ಮೇಲೂ ಮೂರು ಸಲ ಯಾಕೆ ಮಾಡಬೇಕು?
– ವಿದ್ಯಾರ್ಥಿನಿ, ಬಸವಕಲ್ಯಾಣ

ಉ: ಒಂದು ಸಲ ಬಂದದ್ದು ಕಾಕತಾಳೀಯವಾಗಿರಬಹುದು. ಮೂರನ್ನೂ ಬರೆದಿಡು, ಹೊಂದದ ಅಂಕಿಯನ್ನು ಅಳಿಸಬೇಡ.

ಪ್ರ: ಮಗ ಗಡಿಗೆಯ ನೀರು, ಸ್ಟೀಲ್ ಕೊಡದ ನೀರು ಎರಡನ್ನೂ ಜ್ವರ ನೋಡುವ ಪಾದರಸದ ಥರ್ಮಾಮೀಟರಿನಿಂದ ಅಳೆದ. ಎರಡೂ 35 ಡಿಗ್ರಿ! ಗಡಿಗೆಯ ತಂಪು ಬರೀ ಭ್ರಮೆಯೇ?
– ಪಾಲಕರು, ಶಹಾಪುರ

ಉ: ಆ ಮಾಪಕದಲ್ಲಿ ಗೀಟುಗಳು ಶುರುವಾಗುವುದೇ 35ರಿಂದ, ಮುಗಿಯುವುದು 42ಕ್ಕೆ. ನಿಮ್ಮ ಮಗ ಓದಿದ್ದು ‘35 ಅಥವಾ ಅದಕ್ಕಿಂತ ಕಡಿಮೆ’ ಎಂದಷ್ಟೇ. ಶಾಲೆಯ ಪ್ರಯೋಗಾಲಯದ, –10ರಿಂದ 110 ಡಿಗ್ರಿಯ ಥರ್ಮಾಮೀಟರ್ ಬೇಕು. ಅದರ ಬುರುಡೆ ತಳಕ್ಕೆ ತಾಗದಂತೆ 2 ನಿಮಿಷ ಮುಳುಗಿಸಿ, ನೀರಿನಲ್ಲಿ ಇರುವಾಗಲೇ ಕಣ್ಣನ್ನು ಗೀಟಿನ ಮಟ್ಟಕ್ಕೆ ತಂದು ಓದಬೇಕು. ಹೊರತೆಗೆದರೆ ಅಂಕಿ ಬದಲಾಗತೊಡಗುತ್ತದೆ.

ಎರಡಕ್ಕೂ ಒಂದೇ ಬಕೆಟಿನಿಂದ ಸಮ ನೀರು ತುಂಬಿ, ಒಂದೇ ನೆರಳಿನಲ್ಲಿ ಇಟ್ಟು, 4 ತಾಸಿನ ತನಕ ತಾಸಿಗೊಮ್ಮೆ ಅಳೆಯಿರಿ. ಕೈಯಿಂದ ಮುಟ್ಟಿ ನೋಡುವುದನ್ನು ನಂಬಬೇಡಿ: ಸ್ಟೀಲು ಕೈಯ ಬಿಸಿಯನ್ನು ಬೇಗ ಎಳೆದುಕೊಳ್ಳುವುದರಿಂದ ಇರುವುದಕ್ಕಿಂತ ತಂಪೆನಿಸುತ್ತದೆ. ಗಡಿಗೆಯ ನೀರು ರಂಧ್ರಗಳಿಂದ ಜಿನುಗಿ ಆವಿಯಾಗುವಾಗ ಒಳಗಿನ ಕಾವನ್ನು ಒಯ್ಯುತ್ತದೆ. ಹೊರಗೆ ಪೇಂಟ್ ಬಳಿದಿದ್ದರೆ, ಅಥವಾ ಬೋರ್‌ವೆಲ್‌ನ ಸವಳು ನೀರಿನ ಉಪ್ಪು ಕಟ್ಟಿ ರಂಧ್ರ ಮುಚ್ಚಿದ್ದರೆ ತಂಪಾಗದು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಅಳೆದರೆ ವ್ಯತ್ಯಾಸ ಕಡಿಮೆ ಬರುತ್ತದೆ, ಆದ್ದರಿಂದ ಅಂಕಿಯ ಪಕ್ಕದಲ್ಲಿ ತಾರೀಖು, ಹವೆ ಹೇಗಿತ್ತು ಎಂಬುದನ್ನೂ ಬರೆಸಿ.