ತೀರ್ಥಕ್ಕೆ ಆರತಿ ಕರ್ಪೂರ ಹಾಕಬಹುದೇ?

ಪ್ರಶ್ನೆ: ನಮ್ಮತ್ತೆ ಹಬ್ಬದ ದಿನ ಪಂಚಪಾತ್ರೆಯ ತೀರ್ಥಕ್ಕೆ ಆರತಿ ಕರ್ಪೂರದ ಬಿಲ್ಲೆಯನ್ನೇ ಪುಡಿ ಮಾಡಿ ಉದುರಿಸುತ್ತಾರೆ. ‘ಮರದಿಂದ ಬಂದದ್ದು, ಏನೂ ಆಗಲ್ಲ’ ಅಂತಾರೆ. ನಿಜವೇ? ಕರ್ಪೂರ ಕರಗದಿರಲಿ ಅಂತ ಡಬ್ಬಿಗೆ ಕಾಳುಮೆಣಸು ಬೇರೆ ಹಾಕಿಡುತ್ತಾರೆ. ಅದರಿಂದ ಉಪಯೋಗ ಇದೆಯಾ?
— ಒಬ್ಬ ಸೊಸೆ, ತಿಪಟೂರು

ಉತ್ತರ: ಮೊದಲು ಆ ತೀರ್ಥ ಚೆಲ್ಲಿ. ತೀರ್ಥಕ್ಕೆ, ಲಾಡಿಗೆ ಹಾಕುವುದು ಪಚ್ಚಕರ್ಪೂರ, ಅದೂ ಸಾಸಿವೆ ಕಾಳಿನಷ್ಟು. ಆರತಿ ಬಿಲ್ಲೆ ಇರುವುದು ಉರಿಸಲಿಕ್ಕೆ. ಚಿಕ್ಕ ಮಕ್ಕಳ ಹೊಟ್ಟೆಗೆ ಒಂದು ಗ್ರಾಂ ಕರ್ಪೂರ ಹೋದರೂ ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಕಲ್ಲುಸಕ್ಕರೆ ಅಂದುಕೊಂಡು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನವರು ಮನೆಯಲ್ಲಿದ್ದರೆ ಡಬ್ಬಿಯನ್ನು ಮೇಲಿನ ಗೂಡಿಗೆ ಏರಿಸಿ. ನುಂಗಿದ್ದು ಗೊತ್ತಾದರೆ ವಾಂತಿ ಮಾಡಿಸುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಓಡಿ. ನೆಗಡಿಗೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಹಾಕಿ ಎದೆಗೆ ತಿಕ್ಕುವುದು ದೊಡ್ಡವರಿಗೆ ಸರಿ, ಹಾಲುಗೂಸಿಗೆ ಬೇಡ.

ಮರದ ಮಾತು ನಿಮ್ಮತ್ತೆಯ ಅಜ್ಜಿ ಕಾಲಕ್ಕೆ ಸರಿಯಿತ್ತು. ಕರ್ಪೂರದ ಮರ ದಾಲ್ಚಿನ್ನಿಯ ದಾಯಾದಿ. ಚೀನಾ, ತೈವಾನ್, ಜಪಾನ್ ಕಡೆಯದು. ಹಳೆಯ ಮರ ಕಡಿದು, ಚೂರು ಮಾಡಿ, ಹಬೆಯಲ್ಲಿ ಬೇಯಿಸುತ್ತಿದ್ದರು. ಆ ಹಬೆ ತಣಿದಾಗ ಕಟ್ಟುವ ಬಿಳಿ ಹರಳೇ ಕರ್ಪೂರ. ಸಿನಿಮಾ ರೀಲು, ಬಾಚಣಿಗೆ ಮಾಡುವ ಸೆಲ್ಯುಲಾಯ್ಡಿಗೂ ಅದೇ ಬೇಕಾಗಿ ಬೇಡಿಕೆ ಏರಿತು. ತೈವಾನನ್ನು ಆಳುತ್ತಿದ್ದ ಜಪಾನ್ ಸರಕಾರ 1899ರಲ್ಲಿ ಅಲ್ಲಿನ ಕರ್ಪೂರ ವ್ಯಾಪಾರವನ್ನೇ ಮುಷ್ಟಿಗೆ ತೆಗೆದುಕೊಂಡಿತು. ಆಮೇಲೆ ಟರ್ಪೆಂಟೈನಿನಿಂದ ಕರ್ಪೂರ ಮಾಡುವ ದಾರಿ ಸಿಕ್ಕಿತು. ಇವತ್ತು ನಮ್ಮ ಮಂಗಳಾರತಿ ತಟ್ಟೆಯಲ್ಲಿ ಉರಿಯುವುದು ಹೆಚ್ಚಾಗಿ ಅದೇ. ಟರ್ಪೆಂಟೈನ್ ಪೈನ್ ಮರದ ಅಂಟಿನಿಂದಲೇ ಬರುವುದರಿಂದ ಅತ್ತೆಗೆ ಅರ್ಧ ಅಂಕ ಕೊಡೋಣ. ಹಿಂದೆ ತಾಂಬೂಲಕ್ಕೆ ಹೆಸರಾಗಿದ್ದ ಕರ್ಪೂರವಂತೂ ಸುಮಾತ್ರ, ಬೋರ್ನಿಯೊ ಕಾಡಿನ ಬೇರೊಂದು ಮರದ್ದು. ಕಾಂಡ ಸೀಳಿದರೆ ಬಿರುಕಿನಲ್ಲೇ ಹರಳು ಸಿಗುತ್ತಿತ್ತು.

ಇನ್ನು ಮೆಣಸು. ಕರ್ಪೂರ ಕರಗುವುದಿಲ್ಲ, ನೀರಾಗದೆ ನೇರ ಆವಿಯಾಗಿ ಹೋಗುತ್ತದೆ. ಕಳೆದ ಶ್ರಾವಣದಲ್ಲಿ ಎರಡು ಗಾಜಿನ ಸೀಸೆಗೆ ಹತ್ತತ್ತು ಬಿಲ್ಲೆ ಹಾಕಿ, ಒಂದಕ್ಕೆ ಮಾತ್ರ ಏಳು ಮೆಣಸು ಸೇರಿಸಿ, ಎರಡನ್ನೂ ಬಿಗಿಯಾಗಿ ಮುಚ್ಚಿಟ್ಟೆ. ದೀಪಾವಳಿಗೆ ತೆಗೆದರೆ ಎರಡರಲ್ಲೂ ಹತ್ತಕ್ಕೆ ಹತ್ತು ಇದ್ದವು. ಮುಚ್ಚಳ ಸಡಿಲವಾಗಿದ್ದ ನಮ್ಮಮ್ಮನ ಹಿತ್ತಾಳೆ ಭರಣಿಯಲ್ಲಿ ಮಾತ್ರ ಬರೀ ಮೆಣಸು ಉಳಿದಿತ್ತು.