ಕಾಲೇಜಿನ ಅಂಗಳಕ್ಕೆ ಬಯಲುಸೀಮೆಯ ಗಿಡಗಳು

ಪ್ರಶ್ನೆ: ನಮ್ಮ ಕಾಲೇಜು ದಾವಣಗೆರೆ ನಗರದ ನಡುವೆ ಇದೆ. ಪ್ರತಿ ವರ್ಷ ಪರಿಸರ ದಿನದಂದು ಎನ್‌ಎಸ್‌ಎಸ್ ಘಟಕದಿಂದ ಸಸಿ ನೆಡುತ್ತೇವೆ. ಮುಂದಿನ ಬೇಸಿಗೆಯ ಹೊತ್ತಿಗೆ ಹೆಚ್ಚಿನವು ಒಣಗಿ ಹೋಗಿರುತ್ತವೆ. ಈ ಸಲ ಗ್ರಂಥಾಲಯದ ಹಿಂದಿನ ಖಾಲಿ ಜಾಗದಲ್ಲಿ ನಮ್ಮ ಭಾಗದ ಕಾಡುಗಿಡಗಳನ್ನೇ ಬೆಳೆಸುವ ಆಲೋಚನೆಯಿದೆ. ಆದರೆ ಅದು ಮುಳ್ಳುಕಂಟಿಯಂತೆ ಕಾಣುತ್ತದೆ ಎಂದು ಪ್ರಾಂಶುಪಾಲರು ಹಿಂಜರಿಯುತ್ತಿದ್ದಾರೆ. ಸ್ವಯಂಸೇವಕರಾದ ನಾವು ಹೇಗೆ ಮುಂದುವರಿಯಬೇಕು?
– ಪದವಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮೊದಲು ನೆಡುವ ದಿನವನ್ನು ಬದಲಿಸಿರಿ. ಜೂನ್ 5ರ ವೇಳೆಗೆ ಮುಂಗಾರು ನಮ್ಮ ಬಯಲುಸೀಮೆಯಲ್ಲಿ ಸರಿಯಾಗಿ ನೆಲೆಗೊಂಡಿರುವುದಿಲ್ಲ. ಘಟ್ಟದ ಮಳೆನೆರಳಿನಲ್ಲಿರುವ ಈ ಭಾಗಕ್ಕೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳ ಮಳೆಯೇ ಹೆಚ್ಚು ನಂಬಿಕೆಯದು. ಪರಿಸರ ದಿನದಂದು ಬೀಜ ಸಂಗ್ರಹ ಮತ್ತು ಸಸಿ ಬೆಳೆಸುವ ಚೀಲಗಳಿಗೆ ಮಣ್ಣು ತುಂಬುವ ಕೆಲಸವನ್ನಿಟ್ಟುಕೊಂಡು, ಆಗಸ್ಟ್ ಕೊನೆಗೆ ಹುಬ್ಬೆ ಮಳೆ ಬಿದ್ದು ನೆಲ ಹದವಾದಾಗ ಸಸಿ ನೆಟ್ಟರೆ, ಉತ್ತರೆ ಮತ್ತು ಹಸ್ತ ಮಳೆಗಳಲ್ಲಿ ಬೇರು ಕೆಳಗಿಳಿಯುತ್ತದೆ. ಆಗ ತರಗತಿಗಳೂ ನಡೆಯುತ್ತಿರುವುದರಿಂದ ನೋಡಿಕೊಳ್ಳಲು ಜನರಿರುತ್ತಾರೆ.

ಗಿಡಗಳ ಆಯ್ಕೆಯಲ್ಲಿ ದಾವಣಗೆರೆಯವರು ಒಂದು ವಿಷಯದಲ್ಲಿ ಮೋಸಹೋಗುವುದುಂಟು. ಊರಿನ ಸುತ್ತ ಭತ್ತದ ಗದ್ದೆಗಳೂ ಅಡಿಕೆ ತೋಟಗಳೂ ಕಾಣುವುದರಿಂದ ಇದು ನೀರಿನ ಸೀಮೆಯೆಂಬ ಭಾವನೆ ಬಂದುಬಿಡುತ್ತದೆ. ಆ ಹಸಿರು ಭದ್ರಾ ನಾಲೆಯ ಕೊಡುಗೆಯೇ ಹೊರತು ಮಳೆಯದ್ದಲ್ಲ. ನಾಲೆಯ ನೀರು ಕಾಲೇಜಿನ ಹಿತ್ತಲಿಗೆ ಬರುವುದಿಲ್ಲವಾದ್ದರಿಂದ, ಜಗಳೂರು ಮತ್ತು ಚಿತ್ರದುರ್ಗದ ಕುರುಚಲು ಕಾಡುಗಳಲ್ಲಿ ತಾವಾಗಿ ಬದುಕುವ ಗಿಡಗಳೇ ನಿಮಗೆ ಮಾದರಿ. ಮರಗಳಲ್ಲಿ ಕಮರ, ಮುತ್ತುಗ, ಕಕ್ಕೆ, ಹೊಂಗೆ. ಪೊದೆಗಳಲ್ಲಿ ತಂಗಡಿ, ಬಂದರಿಕೆ, ಲಕ್ಕಿ, ಕವಳೆ. ಒಂದು ಮೂಲೆಯಲ್ಲಿ ಎಕ್ಕದ ಗಿಡವನ್ನೂ ಉಳಿಸಿಕೊಳ್ಳಿರಿ, ಏಕೆಂದರೆ ಕಪ್ಪಂಚಿನ ಕಿತ್ತಳೆ ರೆಕ್ಕೆಯ ಚಿಟ್ಟೆಯೊಂದು ಮೊಟ್ಟೆಯಿಡಲು ಅದರ ಎಲೆಗಳನ್ನೇ ಹುಡುಕಿಕೊಂಡು ಬರುತ್ತದೆ. ಗುಲ್‌ಮೊಹರ್ ಮಡಗಾಸ್ಕರ್‌ನಿಂದಲೂ ಮಳೆಮರ ದಕ್ಷಿಣ ಅಮೆರಿಕದ ಕಡೆಯಿಂದಲೂ ಬಂದವು. ಅವು ಈಗಾಗಲೇ ಬೆಳೆದು ನೆರಳು ಕೊಡುತ್ತಿದ್ದರೆ ಕಡಿಯುವ ಉತ್ಸಾಹ ಬೇಡ; 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅದಕ್ಕೆ ಅನುಮತಿಯೂ ಬೇಕಾದೀತು.

ಎರೆಮಣ್ಣಿನ ಜಾಗವಾದರೆ ಗುಂಡಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟು ಅದೇ ಬೇರು ಹರಿಯುತ್ತದೆ. ಆದ್ದರಿಂದ ಸ್ವಲ್ಪ ಏರಿಸಿದ ದಿಬ್ಬದ ಮೇಲೆ ನೆಟ್ಟು, ಬುಡಕ್ಕೆ ಒಣ ಎಲೆಗಳನ್ನು ದಪ್ಪನಾಗಿ ಹೊದಿಸಿರಿ. ಆವರಣದ ಎಲೆಗಳನ್ನು ಗುಡಿಸಿ ಸುಡುವ ಪದ್ಧತಿ ನಿಮ್ಮಲ್ಲಿದ್ದರೆ ಅದು ತಾನಾಗಿಯೇ ನಿಲ್ಲುತ್ತದೆ.

ಇನ್ನು ಸ್ವಯಂಸೇವೆಯ ಮಾತು. ಎನ್‌ಎಸ್‌ಎಸ್ ಸ್ವಯಂಸೇವಕರು ವರ್ಷಕ್ಕೆ 120 ಗಂಟೆಗಳ ಸೇವೆ ಸಲ್ಲಿಸಬೇಕು. ಅದರಲ್ಲಿ ನೆಡುವ ಕೆಲಸಕ್ಕೆ ಒಂದು ಬೆಳಗು ಸಾಕು. ಉಳಿದ ಗಂಟೆಗಳನ್ನು ಕಳೆ ಕೀಳುವುದಕ್ಕೂ ಬೇಸಿಗೆಯ ನೀರಿಗೂ ಮೀಸಲಿಡಿರಿ. ಸಸಿ ಸಾಯುವ ತಿಂಗಳುಗಳಲ್ಲೇ ಪರೀಕ್ಷೆ ಮತ್ತು ರಜೆ ಬರುವುದು ಕಾಲೇಜಿನ ತೋಟಕ್ಕಿರುವ ದೊಡ್ಡ ತೊಡಕು. ಹಾಸ್ಟೆಲ್‌ನವರು ಊರಿಗೆ ಹೋಗುವುದರಿಂದ, ನಗರದಲ್ಲೇ ಮನೆಯಿರುವ ವಿದ್ಯಾರ್ಥಿಗಳಿಗೆ ಇಂತಿಷ್ಟು ಗಿಡಗಳೆಂದು ಹೆಸರು ಬರೆದು ಹಂಚಿರಿ ಮತ್ತು ಆ ಪಟ್ಟಿಯ ಒಂದು ಪ್ರತಿಯನ್ನು ಕಾವಲುಗಾರರಿಗೂ ಕೊಡಿರಿ. ಎಲ್ಲರ ಗಿಡವೆಂದರೆ ಯಾರೂ ನೀರು ಹಾಕುವುದಿಲ್ಲ. ಕಾಂಗ್ರೆಸ್ ಕಳೆಯನ್ನು ಹೂಬಿಡುವ ಮೊದಲೇ, ಕೈಗವಸು ಧರಿಸಿ ಬೇರುಸಹಿತ ಕೀಳಬೇಕು. ಚರ್ಮದ ತುರಿಕೆಯೋ ಉಬ್ಬಸವೋ ಇರುವವರಿಗೆ ಆ ಕೆಲಸ ಬೇಡ. ಹೊಸಬರು ಉತ್ಸಾಹದಲ್ಲಿ ತಂಗಡಿಯ ಎಳೆ ಸಸಿಯನ್ನೂ ಕಳೆಯೆಂದು ಕಿತ್ತುಬಿಡುವುದುಂಟಾದ್ದರಿಂದ, ಮೊದಲ ವಾರ ಸಸ್ಯಶಾಸ್ತ್ರದ ಅಧ್ಯಾಪಕರು ಎಳೆ ಎಲೆಗಳನ್ನು ಗುರುತಿಸಲು ಕಲಿಸಲಿ.

ಪ್ರಾಂಶುಪಾಲರ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಅಂಚಿಗೆ ಕಲ್ಲಿನ ಸಾಲು, ನಡುವೆ ನಡೆದಾಡಲು ದಾರಿ, ಗಿಡಕ್ಕೊಂದು ಕನ್ನಡದ ಹೆಸರಿನ ಫಲಕ ಇದ್ದರೆ ಪೊದೆಗಳು ಬೇಕೆಂದೇ ಬೆಳೆಸಿದವೆಂದು ಯಾರಿಗೂ ತಿಳಿಯುತ್ತದೆ. ಮುತ್ತುಗ ಬೇಸಿಗೆಯ ಮೊದಲಲ್ಲಿ ಎಲೆ ಉದುರಿಸಿ ಬೋಳಾದ ಮೇಲೆಯೇ ಕೆಂಪಗೆ ಹೂಬಿಡುತ್ತದೆಂಬುದನ್ನೂ ಅವರಿಗೆ ಮುಂಚಿತವಾಗಿ ಹೇಳಿರಿ. ಇಲ್ಲವಾದರೆ ಒಣಗಿದ ಮರವೆಂದು ಕಡಿಸಿಯಾರು.

ಪ್ರಶ್ನೆ: ಇಂಥದೇ ತೋಟಕ್ಕೆ ಜೋಗಿಮಟ್ಟಿಯಿಂದ ಸಸಿಗಳನ್ನು ಕಿತ್ತು ತರಬಹುದೇ?
– ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ತರಬಾರದು. ಜೋಗಿಮಟ್ಟಿ ವನ್ಯಜೀವಿ ಧಾಮವಾಗಿರುವುದರಿಂದ ಅಲ್ಲಿಂದ ಅನುಮತಿಯಿಲ್ಲದೆ ಸಸ್ಯಗಳನ್ನು ಒಯ್ಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ. ಹಾಗೆ ಕಿತ್ತ ಸಸಿ ಬದುಕುವುದೂ ಅಪರೂಪ. ಕಮರದಂಥ ಮರದ ತಾಯಿಬೇರು ಚಿಕ್ಕಂದಿನಲ್ಲೇ ಆಳಕ್ಕಿಳಿದಿರುತ್ತದೆ. ಹೊಲದ ಬದುಗಳಲ್ಲಿ ಮಾಲೀಕರನ್ನು ಕೇಳಿ ಬೀಜ ಆರಿಸಿಕೊಳ್ಳಿರಿ, ಇಲ್ಲವೇ ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ವಿಚಾರಿಸಿರಿ. ಕಕ್ಕೆಯ ಬೀಜದ ಸಿಪ್ಪೆ ಗಟ್ಟಿಯಾದ್ದರಿಂದ ಅದನ್ನು ಒರಟು ಕಲ್ಲಿಗೆ ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ ಬಿತ್ತಬೇಕು. ಮುತ್ತುಗದ ಬೀಜವನ್ನು ಮಾತ್ರ ಕೂಡಿಡಬೇಡಿರಿ, ಆರಿಸಿದ ವರ್ಷವೇ ಬಿತ್ತಿರಿ.